ಟ್ಯೂಬ್ ಪಾಸಿಟಿವ್ ಬಂದ ಮೇಲೆ ನಾನು ಮಾಡುವ ಕೆಲಸ

ನಾನು ಟಿಬಿ ಕಲ್ಚರ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅಂದರೆ ರೋಗಿಯ ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಟಿಬಿಯೇ ಅಂತ ನೋಡುವ ಲ್ಯಾಬು. ಕೆಲಸಕ್ಕೆ ಸೇರಿದಾಗ ಎಲ್‌ಜೆ ಬಾಟಲಿಗಳೇ ಎಲ್ಲಾ. ಮೊಟ್ಟೆ ಹಾಕಿ ಮಾಡಿದ ಹಸಿರು ಮೀಡಿಯಾ ಅದು, ಬ್ಯಾಕ್ಟೀರಿಯಾ ಬೆಳೆಯಲು ಕೊಡುವ ಆಹಾರ. ಅದರ ಮೇಲೆ ಬ್ಯಾಕ್ಟೀರಿಯಾದ ಒರಟು ಗುಂಪು, ಅಂದರೆ ಕಾಲೊನಿ, ಕಾಣಲು ವಾರಗಟ್ಟಲೆ ಕಾಯಬೇಕು. ಆಮೇಲೆ ಅದು ಟಿಬಿಯೇ ಅಂತ ಗುರುತಿಸಲು ನಯಾಸಿನ್, ನೈಟ್ರೇಟ್, 68 ಡಿಗ್ರಿಯ ಕೆಟಲೇಸ್ ಪರೀಕ್ಷೆ. ರಿಪೋರ್ಟ್ ಹೋಗುವಷ್ಟರಲ್ಲಿ ಎಷ್ಟೋ ಸಲ ಎರಡು ತಿಂಗಳು ದಾಟುತ್ತಿತ್ತು. ಅಲ್ಲಿಯವರೆಗೆ ಕಾಯುವ ರೋಗಿಯನ್ನು ನೆನೆದರೆ ಸಂಕಟ ಆಗುತ್ತಿತ್ತು.

ಈಗ ಎಂಜಿಐಟಿ ಮಷಿನ್ ಇದೆ. ದ್ರವ ಮೀಡಿಯಾದ ಟ್ಯೂಬು, ತಳದಲ್ಲಿ ಸೆನ್ಸರ್. ಬ್ಯಾಕ್ಟೀರಿಯಾ ಬೆಳೆದು ಆಮ್ಲಜನಕ ಕಡಿಮೆಯಾದರೆ ಸೆನ್ಸರ್ ಹೊಳೆಯುತ್ತದೆ. ಸುಮಾರು ಎರಡು ವಾರದಲ್ಲೇ ಪಾಸಿಟಿವ್ ಬರುವುದುಂಟು. 42 ದಿನವಾದರೂ ಏನೂ ಬೆಳೆಯದಿದ್ದರೆ ನೆಗೆಟಿವ್.

ಆದರೆ ಬೆಳೆದದ್ದು ಯಾವುದು ಅಂತ ಮಷಿನ್ ಹೇಳುವುದಿಲ್ಲ. ಕಫದ ಜೊತೆ ಬಂದ ಬೇರೆ ಬ್ಯಾಕ್ಟೀರಿಯಾ ಬೆಳೆದರೂ ಅದು ಪಾಸಿಟಿವೇ! ಹಾಗಾಗಿ ಎನ್95 ಹಾಕಿಕೊಂಡು, ಸೇಫ್ಟಿ ಕ್ಯಾಬಿನೆಟ್ ಒಳಗೆ ಟ್ಯೂಬ್ ತೆರೆಯುತ್ತೇನೆ. ಒಂದು ಹನಿ ಬ್ಲಡ್ ಅಗಾರ್ ಮೇಲೆ, ಅದು ಬೇರೆ ಬ್ಯಾಕ್ಟೀರಿಯಾ ಬೇಗ ಬೆಳೆಯುವ ಮೀಡಿಯಾ. ಅಲ್ಲಿ ಒಂದೆರಡು ದಿನದಲ್ಲೇ ಏನಾದರೂ ಬೆಳೆದರೆ ಕಂಟಾಮಿನೇಷನ್ ಅಂತಲೇ ಅರ್ಥ. ಇನ್ನೊಂದು ಹನಿ ಸ್ಲೈಡ್ ಮೇಲೆ, ಟಿಬಿಯಂಥ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಜೆಡ್‌ಎನ್ ಬಣ್ಣಕ್ಕೆ. ಟಿಬಿ ಇದ್ದರೆ ಕೆಂಪು ಕಡ್ಡಿಗಳು ಹುರಿ ಹಗ್ಗದ ಹಾಗೆ ಹೆಣೆದುಕೊಂಡಿರುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಸ್ಟ್ರಿಪ್. ಟಿಬಿ ಬ್ಯಾಕ್ಟೀರಿಯಾ ಬೆಳೆಯುವಾಗ ಎಂಪಿಟಿ64 ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಸ್ಟ್ರಿಪ್ ಹಿಡಿಯುವುದು ಅದನ್ನೇ. 100 ಮೈಕ್ರೋಲೀಟರ್ ಹಾಕಿದರೆ 15 ನಿಮಿಷದಲ್ಲಿ ಉತ್ತರ. ಎರಡು ಗೆರೆ ಬಂದರೆ ಟಿಬಿ ಕಾಂಪ್ಲೆಕ್ಸ್, ಅಂದರೆ ಟಿಬಿ ತರುವ ಬ್ಯಾಕ್ಟೀರಿಯಾಗಳ ಗುಂಪು. ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಮಾತ್ರ ಬಂದರೆ ಟಿಬಿಯಲ್ಲದ ಮೈಕೋಬ್ಯಾಕ್ಟೀರಿಯಾ, ಅಂದರೆ ಟಿಬಿಯ ಬಳಗದ ಬೇರೆ ಬ್ಯಾಕ್ಟೀರಿಯಾ, ಇರಬಹುದು. ಅದರ ಔಷಧಿಯೇ ಬೇರೆ.

ಇಲ್ಲಿ 'ಇರಬಹುದು' ಅಂದದ್ದಕ್ಕೆ ಕಾರಣ ಇದೆ. ಒಮ್ಮೆ ಮಷಿನ್ ಪಾಸಿಟಿವ್ ತೋರಿಸಿದ ದಿನವೇ ಸ್ಟ್ರಿಪ್ ಹಾಕಿದೆ. ಒಂದೇ ಗೆರೆ. 'ಟಿಬಿ ಅಲ್ಲ' ಅಂತ ಬರೆಯಲು ಪೆನ್ನು ತೆಗೆದಿದ್ದೆ. ಆದರೆ ಸ್ಲೈಡಿನಲ್ಲಿ ಹುರಿ ಚೆನ್ನಾಗಿ ಕಾಣುತ್ತಿತ್ತು. ಎರಡೂ ಒಂದಕ್ಕೊಂದು ಹೊಂದಲಿಲ್ಲ, ಅಲ್ವಾ? ರಿಪೋರ್ಟ್ ತಡೆದು, ಟ್ಯೂಬನ್ನು ಮತ್ತೆ 37 ಡಿಗ್ರಿಯಲ್ಲಿಟ್ಟೆ. ಮೂರನೇ ದಿನ ಇನ್ನೊಂದು ಸ್ಟ್ರಿಪ್ ಹಾಕಿದಾಗ ಎರಡನೇ ಗೆರೆ ಮೂಡಿತು. ಮೊದಲ ದಿನ ಪ್ರೋಟೀನ್ ಸಾಕಷ್ಟು ಸೇರಿರಲಿಲ್ಲ.

ಅಂದಿನಿಂದ ಸ್ಲೈಡ್ ನೋಡದೆ ಸ್ಟ್ರಿಪ್ ಓದುವುದಿಲ್ಲ. ಎರಡನೇ ಸಲವೂ ಗೆರೆ ಬರದೆ ಹುರಿ ಮಾತ್ರ ಕಂಡರೆ ಡಿಎನ್‌ಎ ಪರೀಕ್ಷೆಗೆ ಕಳಿಸುತ್ತೇನೆ. ಆ ಪ್ರೋಟೀನಿನ ಜೀನ್ ಬದಲಾದ ಟಿಬಿ ತಳಿಗಳೂ ಇವೆ, ಅವುಗಳನ್ನು ಸ್ಟ್ರಿಪ್ ಹಿಡಿಯುವುದಿಲ್ಲ.