ನಾಯಿ, ಬೆಕ್ಕು ಇರುವ ಮನೆಯ ಕೈತೋಟ: ಯಾವ ಗಿಡ ಕೀಳಬೇಕು, ಹೇಗೆ?

ಹಸಿ ಕಣಗಿಲೆ ಎಲೆ ಬಲು ಕಹಿ. ಹಾಗಾಗಿ ಗಿಡಕ್ಕೇ ಬಾಯಿ ಹಾಕುವ ನಾಯಿಗಳು ಕಡಿಮೆ. ಕತ್ತರಿಸಿ ಮೂಲೆಗೆಸೆದ ಕೊಂಬೆಯನ್ನು ಮಾತ್ರ ಕೋಲೆಂದು ಕಚ್ಚಿ ಆಡುತ್ತವೆ. ಎಲೆ ಒಣಗಿದರೂ ಅದರ ವಿಷ ಹೋಗುವುದಿಲ್ಲ.

ಮೊದಲು ಗಿಡ ಗುರುತಿಸಿ. ಕಣಗಿಲೆಗೆ ಉದ್ದನೆಯ ದಪ್ಪ ಎಲೆ, ಸಾಮಾನ್ಯವಾಗಿ ಗೆಣ್ಣಿಗೆ ಮೂರು. ಹಳದಿ ಕಣಗಿಲೆಯ ಎಲೆ ಕಿರಿದು, ಹೂ ಗಂಟೆಯಾಕಾರ, ಮುರಿದರೆ ಹಾಲು ಸುರಿಯುತ್ತದೆ. ಎರಡರಲ್ಲೂ ಬೇರಿನಿಂದ ಹೂವಿನವರೆಗೆ ಹೃದಯದ ಬಡಿತ ಕೆಡಿಸುವ ಗ್ಲೈಕೋಸೈಡ್‌ ಎಂಬ ವಿಷಗಳಿವೆ.

ಹೆಚ್ಚು ಮೋಸ ಮಾಡುವುದು ಸೈಕಸ್. ನೋಡಲು ಪುಟ್ಟ ತಾಳೆ, ಆದರೆ ತಾಳೆಯ ಜಾತಿಯಲ್ಲ. ಒಂದೆರಡು ಬೀಜ ನಾಯಿಯ ಪ್ರಾಣ ತೆಗೆಯಬಲ್ಲವು. ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಅದು ನಿಂತಿತೆಂದು ಮನೆಯವರು ಸುಮ್ಮನಾದರೆ, 2–3 ದಿನಗಳಲ್ಲಿ ಯಕೃತ್ತು ಕೈಕೊಡುತ್ತದೆ.

ಹರಳು ಗಿಡದ ಬೀಜ ಇಡಿಯಾಗಿ ನುಂಗಿದ್ದಕ್ಕಿಂತ ಅಗಿದರೆ ಅಪಾಯ ಹೆಚ್ಚು. ಸಿಪ್ಪೆ ಒಡೆದು ರಿಸಿನ್ ಎಂಬ ವಿಷ ಹೊರಬರುತ್ತದೆ. ಗಿಡವೇ ಇಲ್ಲದ ಮನೆಗೂ ಇದು ಗೊಬ್ಬರದ ಹರಳು ಹಿಂಡಿಯ ರೂಪದಲ್ಲಿ ಬರುತ್ತದೆ. ಸರಿಯಾಗಿ ಕಾಯಿಸದ ಹಿಂಡಿಯಲ್ಲಿ ವಿಷ ಉಳಿದಿರುತ್ತದೆ, ನಾಯಿಗಳಿಗೋ ಅದರ ವಾಸನೆ ಇಷ್ಟ. ನಾಯಿಯಿರುವ ತೋಟಕ್ಕೆ ಹಾಕಲೇಬೇಡಿ. ಉಮ್ಮತ್ತಿ, ಲಂಟಾನ, ಅಜೇಲಿಯಾ ಕೂಡ ಇದೇ ಪಟ್ಟಿಯವು.

ಕೀಳುವ ದಿನ ಪ್ರಾಣಿಗಳನ್ನು ಒಳಗೆ ಕೂಡಿ. ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಕತ್ತರಿಸಿದ ಕೊಂಬೆ ನೆಲಕ್ಕೆ ಬೀಳದೆ ನೇರ ಚೀಲಕ್ಕೆ ಹೋಗಲಿ. ಕಣಗಿಲೆಯ ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ, ಬೇರುಸಹಿತ ಅಗೆಯಿರಿ. ಸುಡಬೇಡಿ, ಹೊಗೆಯೂ ವಿಷ. ಒಣಸೊಪ್ಪನ್ನು ಪಾತಿಗೆ ಹೊದಿಸುವುದೂ ಬೇಡ. ಕೊನೆಗೆ ಉದುರಿದ ಎಲೆ, ಬೀಜ ಗುಡಿಸಿ.

ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಗಿಡದ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ಹೊರಡಿ. ಎಷ್ಟು ಹೊತ್ತಾಯಿತು, ಎಷ್ಟು ತಿಂದಿದೆ, ಪ್ರಾಣಿಯ ತೂಕವೆಷ್ಟು ಎಂಬುದನ್ನು ದಾರಿಯಲ್ಲೇ ಫೋನಿನಲ್ಲಿ ತಿಳಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ರಕ್ತದಲ್ಲಿ ಉಪ್ಪು ಏರಿ ಅದೇ ಕೊಲ್ಲಬಹುದು. ಹಾಲಿನಿಂದ ಈ ವಿಷ ಇಳಿಯುವುದಿಲ್ಲ.

ಖಾಲಿಯಾದ ಜಾಗಕ್ಕೆ ದಾಸವಾಳ, ಗುಲಾಬಿ, ದುಂಡುಮಲ್ಲಿಗೆ ಹಾಕಬಹುದು. ಪರಿಮಳದ ಆಸೆಗೆ ರಾತ್ರಿರಾಣಿ ತರಬೇಡಿ: ಅದು ಮಲ್ಲಿಗೆಯಲ್ಲ, ಬದನೆಯ ಕುಟುಂಬದ್ದು, ಕಾಯಿ ಎಲೆ ಎರಡೂ ವಿಷ.