ಕ್ಲೇ ಟಾರ್ಗೆಟ್‌ಗೆ ಬಂದೂಕು: ಮೊದಲು ಕುಂದಾ, ಆಮೇಲೆ ನಳಿಗೆ

ಬೆಳಗಾವಿಯಲ್ಲಿ ಕುಂದಾ ಅಂದರೆ ಬಾಯಲ್ಲಿ ನೀರು. ಬಂದೂಕು ಮಾರುವವರ ಹಿಂದಿಯಲ್ಲಿ ಕುಂದಾ ಅಂದರೆ ಹೆಗಲಿಗೆ ಆನಿಸುವ ಮರದ ಭಾಗ, ಸ್ಟಾಕ್. ಯಂತ್ರ ಮುಂದಕ್ಕೆ ಎಸೆಯುವ ತಟ್ಟೆಗಳನ್ನು (ಕ್ಲೇ ಟಾರ್ಗೆಟ್) ಹೊಡೆದು ಒಡೆಯುವ ಟ್ರ್ಯಾಪ್ ಶೂಟಿಂಗ್‌ಗೆ 12 ಬೋರ್ ಬಂದೂಕು ಆರಿಸುವಾಗ ನಾನು ಹೆಚ್ಚು ಹೊತ್ತು ಕೊಟ್ಟದ್ದು ಈ ಎರಡನೇ ಕುಂದಾಕ್ಕೆ. ಕಂಪನಿ, ಕೆತ್ತನೆ, ನಳಿಗೆಯ ಉದ್ದ ಎಲ್ಲ ಆಮೇಲೆ. ಚರೆ ಹಾರಿಸುವ ಬಂದೂಕಿಗೆ ಹಿಂದಿನ ಸೈಟ್ ಇರುವುದಿಲ್ಲ, ಕಣ್ಣೇ ಹಿಂದಿನ ಸೈಟ್. ಕೆನ್ನೆ ಕೂರುವ ಜಾಗ ಎರಡು ಮಿ.ಮೀ. ಏರುಪೇರಾದರೆ ಸೈಟನ್ನೇ ಅಲುಗಾಡಿಸಿದಂತೆ.

ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಇದೆ, ಅದರಲ್ಲೇ ಶುರುಮಾಡಲೇ ಎಂದು ಕೇಳುವವರಿದ್ದಾರೆ. ಬೆಳೆ ಕಾಯಲು ಕೊಟ್ಟ ಲೈಸನ್ಸ್ ಆಗಿದ್ದರೆ ಅದರಲ್ಲಿ ಏನು ಬರೆದಿದೆ ಎಂದು ಮೊದಲು ಓದಿರಿ. ಆಮೇಲೆ ಚೇಂಬರಿನ, ಅಂದರೆ ಕಾಡತೂಸು ಕೂರುವ ಗೂಡಿನ, ಉದ್ದ ಅಳೆಸಿರಿ. ಹಳೆಯ ಬಂದೂಕುಗಳಲ್ಲಿ 65 ಮಿ.ಮೀ. ಚೇಂಬರ್ ಇರುವುದುಂಟು. ಅದಕ್ಕೆ 70ರ ಕಾಡತೂಸು ಸಲೀಸಾಗಿ ಹೊಕ್ಕುತ್ತದೆ, ಮೋಸ ಇರುವುದೇ ಅಲ್ಲಿ. 70 ಎನ್ನುವುದು ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಿಚ್ಚಿಕೊಳ್ಳಲು ಜಾಗವಿಲ್ಲದಿದ್ದರೆ ಒತ್ತಡ ಏರುತ್ತದೆ. ಒತ್ತಡದ ಮಾತು ಬಿಟ್ಟರೂ, ಮೂರು ಕಿಲೋ ತೂಕದ ಬಂದೂಕಿನಿಂದ ದಿನಕ್ಕೆ ನೂರು ಗುಂಡು ಹಾರಿಸಿದರೆ ಹೆಗಲು ಉಳಿಯುವುದಿಲ್ಲ.

ನಾನು ತೆಗೆದುಕೊಂಡದ್ದು ನಳಿಗೆಗಳು ಮೇಲೆ ಕೆಳಗೆ ಕೂತ ಓವರ್-ಅಂಡರ್: ನಳಿಗೆ 76 ಸೆಂ.ಮೀ., ತೂಕ 3.7 ಕಿಲೋ. ಮೊದಲ ಗುಂಡು ಕೆಳಗಿನ ನಳಿಗೆಯಿಂದ. ಅದು ಹೆಗಲಿನ ಸಾಲಿಗೆ ಹತ್ತಿರ ಇರುವುದರಿಂದ ಮೂತಿ ಕಡಿಮೆ ನೆಗೆಯುತ್ತದೆ, ಎರಡನೇ ಗುಂಡಿಗೆ ಬೇಗ ಸಿದ್ಧವಾಗಬಹುದು. ಟ್ರಿಗರ್ ಮೆಕ್ಯಾನಿಕಲ್ ಇರಲಿ. ಇನರ್ಶಿಯಾ ಟ್ರಿಗರ್ ಮೊದಲ ಗುಂಡಿನ ಒದೆತದಿಂದಲೇ ಎರಡನೇ ನಳಿಗೆಗೆ ಬದಲಾಗುತ್ತದೆ. ಮೊದಲ ಕಾಡತೂಸು ಹುಸಿಯಾದರೆ ಎರಡನೆಯದೂ ಹೋಯಿತು. ಎರಡು ಬದಿಯಿಂದ ಅಡ್ಡಲಾಗಿ ಹಾರುವ ತಟ್ಟೆಗಳಿಗೆ ಹೊಡೆಯುವ ಸ್ಕೀಟ್ ಆಡುವವರಿಗೆ 71 ಸೆಂ.ಮೀ. ನಳಿಗೆ, ತುಸು ಹಗುರ ಬಂದೂಕು ಸಾಕು.

ಈಗ ಕುಂದಾ. ಮೊದಲು ಯಾವ ಕಣ್ಣು ಯಜಮಾನ ಎಂದು ತಿಳಿಯಬೇಕು. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಬೆರಳು ಕಂಬದ ಮೇಲೇ ಉಳಿಯುತ್ತದೆಯೋ ಅದೇ ಯಜಮಾನ. ಬಲಗೈಯವರಿಗೆ ಎಡಗಣ್ಣು ಜೋರಾಗಿದ್ದರೆ ಕನ್ನಡಕದ ಎಡಗಾಜಿಗೆ ಮಬ್ಬು ಟೇಪಿನ ಸಣ್ಣ ತುಂಡು ಅಂಟಿಸಿದರೆ ನಡೆಯುತ್ತದೆ.

ಆಮೇಲೆ ಉದ್ದ, ಟ್ರಿಗರಿನಿಂದ ಕುಂದಾದ ಹಿಂತುದಿಯ ಪ್ಯಾಡಿನ ತನಕ. ಐದಡಿ ಎಂಟಿಂಚಿನ ಆಳಿಗೆ 370 ಮಿ.ಮೀ. ಆಸುಪಾಸು. ಹೆಗಲಿಗೇರಿಸಿದಾಗ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳು ಜಾಗ ಬೇಕು. ಹೆಬ್ಬೆರಳು ಮೂಗಿಗೆ ಬಡಿದರೆ ಗಿಡ್ಡ. ಏರಿಸುವಾಗ ಕಂಕುಳಿಗೆ ಸಿಕ್ಕಿಕೊಂಡರೆ ಉದ್ದ. ಡಿಸೆಂಬರಿನ ಬೆಳಗಾವಿ ಚಳಿಗೆ ಸ್ವೆಟರ್ ಮೇಲೆ ಶೂಟಿಂಗ್ ವೆಸ್ಟ್ ಹಾಕಿದರೆ ಉದ್ದ ಹೆಚ್ಚಾದಂತೆಯೇ. ಅದಕ್ಕೆ ಪ್ಯಾಡಿಗೂ ಮರಕ್ಕೂ ನಡುವೆ 5 ಮಿ.ಮೀ. ಸ್ಪೇಸರ್ (ತೆಳು ಬಿಲ್ಲೆ) ಇಟ್ಟುಕೊಂಡು ಚಳಿಗೆ ತೆಗೆದರೆ ಮುಗಿಯಿತು.

ಕೆನ್ನೆಯ ಎತ್ತರ ಎಲ್ಲಕ್ಕಿಂತ ಮುಖ್ಯ. ಟ್ರ್ಯಾಪಿನಲ್ಲಿ ತಟ್ಟೆ ಮೇಲೇರುತ್ತಾ ಓಡುತ್ತದೆ. ನೋಡಿದಲ್ಲೇ ಹೊಡೆಯುವ ಬಂದೂಕಾದರೆ ತಟ್ಟೆಯನ್ನು ನಳಿಗೆಯಿಂದ ಮುಚ್ಚಿ ಹೊಡೆಯಬೇಕು. ಕಾಣುತ್ತಿಲ್ಲವೆಂದು ತಲೆ ಎತ್ತಿದಿರೋ, ಚರೆ ಮೇಲೆ ಹಾರಿತು. ಹಾಗಾಗಿ ಚರೆಯ ಶೇ 60ರಿಂದ 70 ಪಾಲು ಗುರಿಯ ಮೇಲ್ಭಾಗಕ್ಕೆ ಬೀಳುವಂತೆ ಕೆನ್ನೆಯ ಮರವನ್ನು ಎತ್ತರಿಸುತ್ತೇವೆ. ಸ್ಕೀಟಿಗೆ ಸಮಪಾಲು. ಖಾಲಿ ಬಂದೂಕನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆಯಿರಿ: ರಿಬ್ಬಿನ (ನಳಿಗೆಯ ಮೇಲಿನ ಪಟ್ಟಿ) ಎರಡು ಮಣಿಗಳು 8ರ ಅಂಕಿಯಂತೆ ಒಂದರ ಮೇಲೊಂದು ಕೂತಿದ್ದರೆ ಟ್ರ್ಯಾಪಿಗೆ ಸರಿ.

ಮಣಿ ನೋಡಿ ನಂಬಬೇಡಿ, ಕಾಗದಕ್ಕೆ ಹೊಡೆದು ನೋಡಿ. ರೇಂಜಿನಲ್ಲಿ 15 ಮೀಟರಿಗೆ ಒಂದೂಕಾಲು ಮೀಟರಿನ ಕಾಗದ, ನಡುವೆ ಕಪ್ಪು ಚುಕ್ಕೆ, ಬಿಗಿಯಾದ ಚೋಕ್ (ಚರೆ ಹೆಚ್ಚು ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಭಾಗ). ರೈಫಲ್‌ನಂತೆ ನಿಧಾನಕ್ಕೆ ಗುರಿ ಹಿಡಿಯದೆ, ಏರಿಸಿದ ಕೂಡಲೇ ಹಾರಿಸಿ. ಒಂದೇ ಕಾಗದಕ್ಕೆ ಆರು ಗುಂಡು. ಒಟ್ಟು ಗುಂಪಿನ ನಡು ಚುಕ್ಕೆಗಿಂತ 3 ಸೆಂ.ಮೀ. ಮೇಲಿದ್ದರೆ 60-40, 6 ಸೆಂ.ಮೀ. ಇದ್ದರೆ 70-30. ಲೆಕ್ಕ ಸರಳ: ಕೆನ್ನೆ 1.6 ಮಿ.ಮೀ. ಎತ್ತರಿಸಿದರೆ ಈ ದೂರದಲ್ಲಿ ಗುಂಪು ಸುಮಾರು 25 ಮಿ.ಮೀ. ಮೇಲೇರುತ್ತದೆ. ಅಡ್ಜಸ್ಟ್ ಆಗುವ ಕೋಂಬ್ (ಕೆನ್ನೆ ಕೂರುವ ಮರ) ಇಲ್ಲದಿದ್ದರೆ ತೆಳು ಫೋಮ್ ಟೇಪನ್ನು ಪದರ ಪದರವಾಗಿ ಅಂಟಿಸಿ ನೋಡಿರಿ. ಅಳತೆ ಗಟ್ಟಿಯಾಗುವ ತನಕ ಮರಕ್ಕೆ ಉಳಿ ತಾಗಿಸಬೇಡಿ. ಕೆತ್ತಿದ ಮರ ತಿರುಗಿ ಬರುವುದಿಲ್ಲ.

ಮೈಮೇಲಿನ ಗುರುತುಗಳೂ ಹೇಳುತ್ತವೆ. ನಡುಬೆರಳಿನ ಗೆಣ್ಣು ಟ್ರಿಗರ್ ಗಾರ್ಡಿಗೆ ಬಡಿದು ಊದಿದರೆ ಹಿಡಿತ ಸಡಿಲ ಇಲ್ಲವೇ ಕುಂದಾ ಗಿಡ್ಡ. ತೋಳಿನ ಸ್ನಾಯುವಿನ ಮೇಲೆ ನೀಲಿ ಮೂಡಿದರೆ ಹೆಗಲಿನ ಗುಣಿಗೆ ಕೂರಿಸುತ್ತಿಲ್ಲ.

ಚೋಕಿನ ಮೇಲೆ ಬರೆದ ಹೆಸರನ್ನಷ್ಟೇ ನೆಚ್ಚಬೇಡಿ. ನಳಿಗೆಯ ಒಳವ್ಯಾಸದಲ್ಲಿ ಚೋಕಿನ ವ್ಯಾಸ ಕಳೆದಾಗ ಉಳಿಯುವುದೇ ನಿಜವಾದ ಬಿಗಿತ: 18.4ರ ನಳಿಗೆಗೆ 17.9ರ ಚೋಕ್ ಎಂದರೆ 0.5 ಮಿ.ಮೀ., ಮಾಡಿಫೈಡ್ ಎನ್ನುವ ಮಧ್ಯಮ ಬಿಗಿತ. ಒಂದು ಮಿ.ಮೀ. ಇದ್ದರೆ ಫುಲ್. ಟ್ರ್ಯಾಪಿಗೆ ಮೊದಲ ನಳಿಗೆಗೆ 0.6, ಎರಡನೆಯದಕ್ಕೆ 0.9 ನನಗೆ ಹೊಂದಿತು. ಸ್ಕೀಟಿನಲ್ಲಿ ತಟ್ಟೆ 20 ಮೀಟರಿನ ಆಸುಪಾಸಿನಲ್ಲೇ ಇರುತ್ತದೆ, ಹೆಚ್ಚೆಂದರೆ 0.1. ತಿರುಪಿನ ಚೋಕ್ ಆದರೆ 25 ಗುಂಡಿಗೊಮ್ಮೆ ಬಂದೂಕು ಖಾಲಿ ಮಾಡಿ, ಮಡಚಿ, ಬಿಗಿ ಮಾಡಿರಿ. ಸಡಿಲಾದರೆ ಅನಿಲ ಹಿಂದಿನಿಂದ ನುಗ್ಗಿ ನಳಿಗೆಯ ಬಾಯಿ ಉಬ್ಬಬಹುದು.

ಅಂತಾರಾಷ್ಟ್ರೀಯ ನಿಯಮದ ಕಾಡತೂಸು 24 ಗ್ರಾಂ ಚರೆಯದು; ಅಭ್ಯಾಸಕ್ಕೂ ಅದೇ ಇರಲಿ. ಟ್ರ್ಯಾಪಿಗೆ 2.4 ಮಿ.ಮೀ. ಚರೆ, ಒಂದರಲ್ಲಿ ಸುಮಾರು 300. ಸ್ಕೀಟಿಗೆ 2 ಮಿ.ಮೀ., 500ಕ್ಕೂ ಹೆಚ್ಚು. 20 ಬೋರಿನ ಕಾಡತೂಸು ಅದೇ ಚೀಲದಲ್ಲಿ ಇರಲೇಕೂಡದು. ಅದು 12 ಬೋರಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇನ್ನೊಂದು ತುಂಬಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ.

ನಮ್ಮ ಭಾಗದಲ್ಲಿ ಹವಾ ಒಂದೇ ತರಹ ಅಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಫೋಮ್ ಹಾಸಿದ ಪೆಟ್ಟಿಗೆ ತೇವ ಹಿಡಿದು ರಾತ್ರಿ ಕಳೆಯುವುದರೊಳಗೆ ತುಕ್ಕು ಕೂರಿಸುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಮೂತಿ ಕೆಳಗೆ ಮಾಡಿ ಬೀಗದ ಕಪಾಟಿನಲ್ಲಿಡಿ. ಮೂತಿ ಮೇಲಾದರೆ ಎಣ್ಣೆ ಇಳಿದು ಕುಂದಾದ ಮರ ಮೆತ್ತಗಾಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ ತಕರಾರು ಧೂಳಿನದು. ಎಣ್ಣೆಗೆ ಧೂಳು ಕೂಡಿದರೆ ಸಾಣೆ ಪೇಸ್ಟೇ ಸರಿ, ಮಡಚುವ ಕೀಲನ್ನು ಸವೆಸುತ್ತದೆ. ಹಳೆ ಗ್ರೀಸ್ ಪೂರ್ತಿ ಒರೆಸಿ, ಹೊಸದನ್ನು ಜೋಳದ ಕಾಳಿನಷ್ಟೇ ಹಚ್ಚಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕಾಡತೂಸು ಬಿಡಬೇಡಿ, ಕಾದ ಮದ್ದು ಜೋರಾಗಿ ಒದೆಯುತ್ತದೆ. ಕಾಡತೂಸಿನ ಕಂಪನಿ ಬದಲಿಸಿದರೆ ಮತ್ತೆ ಕಾಗದ ಕಟ್ಟಿ ಆರು ಗುಂಡು ಹೊಡೆಯಿರಿ. ಕೆನ್ನೆಯ ಎತ್ತರ, ಚೋಕ್, ಕಾಡತೂಸು, ತಾರೀಖು ಆ ಕಾಗದದ ಮೂಲೆಯಲ್ಲೇ ಬರೆದಿಡಿ.