ಚೆಂಡೆಯ ಒಂದು ಪೆಟ್ಟು ಹಿಡಿದು ಎಂಪಿ3 ಪರೀಕ್ಷಿಸುವ ಕ್ರಮ

ಯಕ್ಷಗಾನದ ರೆಕಾರ್ಡಿಂಗ್ ಕೂಡಿಡುವ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಎಷ್ಟು ಕೆಬಿಪಿಎಸ್‌ನಲ್ಲಿ ಇಟ್ಟರೆ ಸಾಕು ಮಾರಾಯ್ರೆ?" ಕೆಬಿಪಿಎಸ್ ಎಂದರೆ ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಕಿಲೋಬಿಟ್ ಖರ್ಚಾಗುತ್ತದೆ ಎಂಬ ಲೆಕ್ಕ, ಅದೇ ಬಿಟ್‌ರೇಟ್. ಪ್ರಶ್ನೆ ಸಹಜವೇ. ಇಡೀ ರಾತ್ರಿಯ ಆಟವನ್ನು ಸಿಡಿ ಗುಣಮಟ್ಟದ ವೇವ್ ಫೈಲಾಗಿ ಇಟ್ಟರೆ ಗಂಟೆಗೆ ಸುಮಾರು 635 ಎಂಬಿ, ಎಂಟು ಗಂಟೆಗೆ 5 ಜಿಬಿ. ಅದೇ ಆಟ 128 ಕೆಬಿಪಿಎಸ್ ಎಂಪಿ3 ಆದರೆ 460 ಎಂಬಿಯಲ್ಲಿ ಮುಗಿಯುತ್ತದೆ. 128 ಧಾರಾಳ ಸಾಕು ಅನ್ನುವವರಿದ್ದಾರೆ, 320ಕ್ಕಿಂತ ಕೆಳಗೆ ಇಳಿಯಲೇಬಾರದು ಅನ್ನುವವರೂ ಇದ್ದಾರೆ. ಎರಡು ಕಡೆಯವರಲ್ಲೂ ಫೈಲಿನ ಹೆಸರು ನೋಡದೆ, ಬರೀ ಕಿವಿಯಿಂದ ಕೇಳಿ ಹೇಳಿದವರು ಕಡಿಮೆ. ಇದನ್ನು ಮನೆಯಲ್ಲೇ, ಖರ್ಚಿಲ್ಲದೆ ತೀರ್ಮಾನಿಸಬಹುದು. ಆದರೆ ಯಾವ ಎರಡು ಸೆಕೆಂಡು ಕೇಳಬೇಕು ಎಂಬುದು ಗೊತ್ತಿರಬೇಕು.

ಎಂಪಿ3, ಎಎಸಿ, ಓಪಸ್ ಎಲ್ಲವೂ ಲಾಸಿ ಕಂಪ್ರೆಶನ್. ಕಿವಿಗೆ ಕೇಳಿಸಲಾರದು ಎಂದು ಲೆಕ್ಕ ಹಾಕಿ ಧ್ವನಿಯ ಕೆಲವು ವಿವರಗಳನ್ನು ಒರಟಾಗಿ ಬರೆದಿಟ್ಟು ಫೈಲನ್ನು ಚಿಕ್ಕದು ಮಾಡುತ್ತವೆ. ಒರಟಾಗಿ ಬರೆದದ್ದರಿಂದ ಒಂದಿಷ್ಟು ಸದ್ದು, ಅಂದರೆ ನಾಯ್ಸ್, ಹುಟ್ಟುತ್ತದೆ. ಅದು ಸಂಗೀತದ ಅಡಿಯಲ್ಲಿ ಅಡಗಿದ್ದರೆ ನಮಗೆ ತೊಂದರೆಯಿಲ್ಲ. ಅಡಗಲು ಜಾಗ ಸಿಗದ ಕಡೆ ದೋಷ ಹೊರಗೆ ಬರುತ್ತದೆ. ಪರೀಕ್ಷೆ ಮಾಡುವವರು ಹುಡುಕಬೇಕಾದದ್ದು ಆ ಜಾಗವನ್ನೇ.

ನಮ್ಮ ಹಿಮ್ಮೇಳದಲ್ಲಿ ಅಂಥ ಜಾಗ ಎಂದರೆ ಚೆಂಡೆ. ಎಂಪಿ3 ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ಅಥವಾ ಸ್ಯಾಂಪಲ್ ತೆಗೆಯುವಾಗ, ಅದರ ಉದ್ದನೆಯ ತುಂಡು ಅಥವಾ ಬ್ಲಾಕ್ 1152 ಸ್ಯಾಂಪಲ್, ಅಂದರೆ ಸುಮಾರು 26 ಮಿಲಿಸೆಕೆಂಡ್. ಹುಟ್ಟಿದ ನಾಯ್ಸ್ ಆ ಇಡೀ ಬ್ಲಾಕಿನ ಮೇಲೆ ಹರಡಿಕೊಳ್ಳುತ್ತದೆ. ಚೆಂಡೆಯ ಪೆಟ್ಟು ಬ್ಲಾಕಿನ ಕೊನೆಗೆ ಬಿದ್ದರೆ ಪೆಟ್ಟಿಗೂ ಮುಂಚೆ, ಮೌನ ಇರಬೇಕಾದ ಕಡೆ, ನಾಯ್ಸ್ ಕೇಳುತ್ತದೆ. ಇದಕ್ಕೆ ಪ್ರೀ-ಎಕೋ ಎಂದು ಹೆಸರು. ದೊಡ್ಡ ಸದ್ದಿನ ನಂತರ ಬರುವ ಸಣ್ಣ ಸದ್ದನ್ನು ನಮ್ಮ ಕಿವಿ ನೂರು ಮಿಲಿಸೆಕೆಂಡಿನ ತನಕವೂ ಮರೆಮಾಚಬಲ್ಲದು. ಮುಂಚೆ ಬರುವುದನ್ನು ಮರೆಮಾಚುವುದು ಕೆಲವೇ ಮಿಲಿಸೆಕೆಂಡು. ಹಾಗಾಗಿ ಈ ದೋಷ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಟ" ಎಂದು ಚುರುಕಾಗಿ ಬೀಳಬೇಕಾದ ಪೆಟ್ಟು "ಶ್ಟ" ಎಂದು ಕೇಳುತ್ತದೆ, ಅಂಚು ಮೊಂಡಾಗುತ್ತದೆ.

ಇದನ್ನು ತಡೆಯಲು ಎನ್‌ಕೋಡರ್‌ಗಳು, ಅಂದರೆ ಫೈಲ್ ಕುಗ್ಗಿಸುವ ತಂತ್ರಾಂಶಗಳು, ಪೆಟ್ಟು ಬರುವುದನ್ನು ಮೊದಲೇ ಗುರುತಿಸಿ ಗಿಡ್ಡ ಬ್ಲಾಕಿಗೆ ಬದಲಾಗುತ್ತವೆ. ಎಂಪಿ3ಯಲ್ಲಿ ಗಿಡ್ಡದ್ದು ಉದ್ದನೆಯದರ ಮೂರನೇ ಒಂದು ಪಾಲು. ಎಎಸಿಯಲ್ಲಿ ಉದ್ದನೆಯದು 2048 ಸ್ಯಾಂಪಲ್, ಗಿಡ್ಡದ್ದು ಬರೀ 256, ಆರು ಮಿಲಿಸೆಕೆಂಡಿನೊಳಗೆ. ಒಂದೇ ಬಿಟ್‌ರೇಟಿನಲ್ಲಿ ಒಳ್ಳೆಯ ಎಎಸಿ ಎನ್‌ಕೋಡರ್ ಚೆಂಡೆಯನ್ನು ಎಂಪಿ3ಗಿಂತ ಚೆನ್ನಾಗಿ ಹಿಡಿಯಲು ಇದೊಂದು ಕಾರಣ. ಪೆಟ್ಟನ್ನು ಸರಿಯಾಗಿ ಗುರುತಿಸದ ಎನ್‌ಕೋಡರ್ ಆದರೆ 192ರಲ್ಲೂ ಎಡವುತ್ತದೆ. ಬರೀ ಬಿಟ್‌ರೇಟ್ ಕೇಳಿ ಉತ್ತರ ಹೇಳಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇಬಿಯು ಧ್ವನಿ ಪರೀಕ್ಷೆಗೆಂದು ಹೊರತಂದ ಸ್ಕ್ವಾಮ್ ಸಿಡಿಯಲ್ಲಿ ಕ್ಯಾಸ್ಟನೆಟ್ಸ್ ಎಂಬ ಮರದ ಚಿಟಿಕೆಗಳ ಟ್ರ್ಯಾಕ್ ಇದೆ. ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಬಿಚ್ಚುವ ವಿಧಾನ, ಮಾಡುವವರು ಪ್ರೀ-ಎಕೋ ಹಿಡಿಯಲು ಬಳಸುವುದು ಅದನ್ನೇ. ಆ ಕೆಲಸಕ್ಕೆ ನಮ್ಮ ಬಳಿ ಚೆಂಡೆ ಇದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಚೆಂಡೆ ಎಂದಕೂಡಲೇ ಎಲ್ಲರೂ ಒಡ್ಡೋಲಗದ ಅಬ್ಬರದ ಭಾಗ ಆರಿಸುತ್ತಾರೆ. ಅದು ಬೇಡ. ಪೆಟ್ಟಿನ ಹಿಂದೆ ಪೆಟ್ಟು ಬೀಳುವಾಗ ಹಿಂದಿನ ಪೆಟ್ಟಿನ ನಾದವೇ ಮುಂದಿನದರ ಪ್ರೀ-ಎಕೋವನ್ನು ನುಂಗಿಬಿಡುತ್ತದೆ. ಭಾಗವತರು ಪದ ನಿಲ್ಲಿಸಿ, ಒಂದು ಕ್ಷಣ ಬಿಟ್ಟು, ಚೆಂಡೆಯ ಮೊದಲ ಪೆಟ್ಟು ಒಂಟಿಯಾಗಿ ಬೀಳುವ ಜಾಗ ಹುಡುಕಿ. ಪೆಟ್ಟಿಗೆ ಮುಂಚೆ ಎಷ್ಟು ಮೌನವಿದೆಯೋ ಪರೀಕ್ಷೆ ಅಷ್ಟು ಕಠಿಣ. ಕ್ಯಾಸೆಟ್ಟಿನಿಂದ ಇಳಿಸಿದ ರೆಕಾರ್ಡಿಂಗಿನಲ್ಲಿ "ಸುಯ್" ಎನ್ನುವ ಹಿಸ್ ಇರುವುದರಿಂದ ಅದರಡಿಯಲ್ಲೂ ಪ್ರೀ-ಎಕೋ ಮುಚ್ಚಿಹೋಗುತ್ತದೆ. ಆದ್ದರಿಂದ ಈ ಪರೀಕ್ಷೆಗೆ ಮಿಕ್ಸರಿನಿಂದ ನೇರ ತೆಗೆದ ಶುದ್ಧ ರೆಕಾರ್ಡಿಂಗ್ ಒಳ್ಳೆಯದು.

ಕ್ಯಾಸೆಟ್ಟಿನ ಹಿಸ್ ಬೇರೆ ಪರೀಕ್ಷೆಗೆ ಬರುತ್ತದೆ. ಕ್ರಮವೇ ಇಲ್ಲದ ಸದ್ದನ್ನು ಕುಗ್ಗಿಸುವುದು ಕೋಡೆಕ್‌ಗೆ ಬಹಳ ಕಷ್ಟ. 64 ಕೆಬಿಪಿಎಸ್‌ಗೆ ಇಳಿಸಿ ನೋಡಿ, ಸಮನಾಗಿದ್ದ "ಸುಯ್" ನೀರೊಳಗಿನ ಗುಳುಗುಳು ಸದ್ದಾಗಿ ಸುಳಿಯತೊಡಗುತ್ತದೆ. ಜನರ ಚಪ್ಪಾಳೆಯೂ ಹೀಗೆಯೇ ಕೆಡುತ್ತದೆ. ಆದರೆ ನಾಯ್ಸ್ ರಿಡಕ್ಷನ್ ಹೆಚ್ಚು ಮಾಡಿದ ಫೈಲಿನಲ್ಲೂ ಇಂಥದ್ದೇ ಗುಳುಗುಳು ಬರುತ್ತದೆ. ದೋಷ ಕೋಡೆಕ್‌ನದೋ ಅಲ್ಲವೋ ಎಂದು ಮೂಲ ಫೈಲ್ ಕೇಳಿಯೇ ಖಚಿತ ಮಾಡಿಕೊಳ್ಳಿ.

ಚಕ್ರತಾಳ, ಜಾಗಟೆಗಳಲ್ಲಿ ಕೇಳಬೇಕಾದದ್ದು ಪೆಟ್ಟನ್ನಲ್ಲ, ಅದರ ಬಾಲವನ್ನು. ಲೋಹದ ನಾದ ನಿಧಾನವಾಗಿ ಇಳಿಯಬೇಕು. ಬಿಟ್ ಸಾಲದಾದಾಗ ಮೇಲಿನ ಸ್ವರಗಳು ಕ್ಷಣಕ್ಷಣಕ್ಕೆ ಬಂದು ಹೋಗಿ ನಾದ ಚೂರುಚೂರಾಗುತ್ತದೆ. ಶ್ರುತಿಪೆಟ್ಟಿಗೆ ಒಂದೇ ಸಮನೆ ನುಡಿಯುವ ಜಾಗದಲ್ಲಿ ನಡುಕವೋ ಒರಟುತನವೋ ಸೇರಿದೆಯೇ ಕೇಳಿ. ತಾಳಮದ್ದಳೆಯಲ್ಲಿ ಮಾತೇ ಮುಖ್ಯವಾದ್ದರಿಂದ ಕಡಿಮೆ ಬಿಟ್‌ರೇಟ್ ಸಾಕು ಎಂದು ಎಲ್ಲರೂ ಭಾವಿಸುತ್ತಾರೆ. ಅರ್ಧ ಮಾತ್ರ ನಿಜ. ತಗ್ಗು ಕಂಠದ ಅರ್ಥಧಾರಿ ಮಾತಾಡುವಾಗ ಗಂಟಲಿನಿಂದ ಸೆಕೆಂಡಿಗೆ ಸುಮಾರು ನೂರು ಸಣ್ಣ ಪೆಟ್ಟುಗಳು ಹೊರಡುತ್ತವೆ, ಹತ್ತು ಮಿಲಿಸೆಕೆಂಡಿಗೊಂದು. ಒಂದೇ ಬ್ಲಾಕಿನಲ್ಲಿ ಅಂಥ ಎರಡು ಮೂರು ಪೆಟ್ಟು ಸೇರಿ ನಡುವಿನ ಬಿಡುವು ನಾಯ್ಸಿನಿಂದ ತುಂಬುತ್ತದೆ, ದನಿ ಗವಿಯೊಳಗಿಂದ ಬಂದಂತಾಗುತ್ತದೆ. ಎಎಸಿಯಲ್ಲಿ ಇದಕ್ಕೆಂದೇ, ನಾಯ್ಸನ್ನು ಪೆಟ್ಟಿನ ಅಡಿಗೇ ಸರಿಸುವ ಟಿಎನ್‌ಎಸ್ ಎಂಬ ಉಪಾಯವಿದೆ.

ಇನ್ನು ಪರೀಕ್ಷೆಯ ಸಿದ್ಧತೆ. ಮೂಲ ಫೈಲ್ ವೇವ್ ಅಥವಾ, ಏನನ್ನೂ ಕಳೆಯದೆ ಕುಗ್ಗಿಸುವ, ಫ್ಲ್ಯಾಕ್ ಇರಬೇಕು. ಯಾರೋ ಕಳಿಸಿದ ಫ್ಲ್ಯಾಕ್ ನಿಜವಾಗಿ ಎಂಪಿ3ಯಿಂದ ಮಾಡಿದ್ದೋ ಎಂಬ ಅನುಮಾನವಿದ್ದರೆ ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ, ನೋಡಿ. 16 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಎಳೆದು ಕತ್ತರಿಸಿದ ಹಾಗೆ ಮೇಲೆಲ್ಲ ಕಪ್ಪಾಗಿದ್ದರೆ ಒಮ್ಮೆ ಕುಗ್ಗಿಸಿದ ಫೈಲ್ ಇರಬಹುದು. ಕ್ಯಾಸೆಟ್ಟಿನಲ್ಲಿ ಮೇಲಿನ ಸ್ವರಗಳು ನಿಧಾನವಾಗಿ ಇಳಿಯುತ್ತವೆ, ಹಿಸ್ ಮೇಲಿನವರೆಗೂ ಚಾಚಿರುತ್ತದೆ. ಎಫ್‌ಎಂ ರೇಡಿಯೋದಿಂದ ಹಿಡಿದದ್ದು 15 ಕಿಲೋಹರ್ಟ್ಸ್‌ಗೆ ನಿಲ್ಲುವುದು ಸಹಜ, ಅದನ್ನು ಕಂಡು ಮೋಸ ಎನ್ನಬೇಡಿ. ಸ್ಪೆಕ್ಟ್ರೋಗ್ರಾಮಿನಿಂದ ಫೈಲಿನ ಚರಿತ್ರೆ ಊಹಿಸಬಹುದು, ಗುಣಮಟ್ಟ ಅಳೆಯಲಾಗದು. ನಡುವಯಸ್ಸು ದಾಟಿದ ಹೆಚ್ಚಿನವರ ಕಿವಿಗೆ 16 ಕಿಲೋಹರ್ಟ್ಸ್ ಮೇಲಿನದು ಕೇಳುವುದೇ ಇಲ್ಲ.

ಆಯ್ದ ಜಾಗದಿಂದ ಹತ್ತು ಸೆಕೆಂಡಿನ ತುಣುಕು ಕತ್ತರಿಸಿ ಎಂಪಿ3 ಮಾಡಿ, ಆ ಎಂಪಿ3ಯನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಮತ್ತೆ ವೇವ್ ಆಗಿ ಉಳಿಸಿ. ಈಗ ಮೂಲವನ್ನೂ ಇದನ್ನೂ ಒಂದರ ಕೆಳಗೊಂದು ಇಟ್ಟು ಆ ಪೆಟ್ಟಿನ ಹತ್ತಿರ ಝೂಮ್ ಮಾಡಿ. ಮೂಲದಲ್ಲಿ ಪೆಟ್ಟಿಗೆ ಮುಂಚೆ ಗೆರೆ ಚಪ್ಪಟೆಯಾಗಿ ಬಂದು ಒಮ್ಮೆಲೇ ಮೇಲೇಳುತ್ತದೆ. ಎಂಪಿ3ಯದರಲ್ಲಿ ಚಪ್ಪಟೆ ಗೆರೆಯ ಜಾಗದಲ್ಲಿ ನವಿರು ಕೂದಲೆದ್ದ ಹಾಗೆ ಗೀಚು ಕಾಣುತ್ತದೆ. ಅದೇ ಪ್ರೀ-ಎಕೋ. ಕಣ್ಣಿಗೆ ಕಂಡದ್ದೆಲ್ಲ ಕಿವಿಗೆ ಕೇಳಬೇಕೆಂದಿಲ್ಲ, ಆದರೆ ಎಲ್ಲಿ ಕಿವಿಗೊಡಬೇಕು ಎಂಬುದು ಗೊತ್ತಾಯಿತು.

ಇದೇ ಹೊತ್ತಿಗೆ ಎರಡು ವಿಷಯ ಸರಿಪಡಿಸಿಕೊಳ್ಳಿ. ಎಂಪಿ3 ಮಾಡುವಾಗ ಆರಂಭಕ್ಕೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಲೇಮ್ ಎಂಬ ಎಂಪಿ3 ಎನ್‌ಕೋಡರಿನಲ್ಲಿ, ಡಿಕೋಡರ್ ಅದನ್ನು ಕಳೆಯದಿದ್ದರೆ, ಸಾವಿರಕ್ಕೂ ಹೆಚ್ಚು ಸ್ಯಾಂಪಲ್. ಎರಡು ಫೈಲ್ ಹೊಂದಿಸದಿದ್ದರೆ ಅದಲುಬದಲು ಮಾಡುವಾಗ ಆ ಜಿಗಿತದಿಂದಲೇ ಉತ್ತರ ಗೊತ್ತಾಗಿಬಿಡುತ್ತದೆ. ಎರಡನೆಯದು ಸದ್ದಿನ ಮಟ್ಟ. ತುಸುವೇ ಜೋರಾಗಿರುವುದನ್ನು ಕಿವಿ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತದೆ, ಹಾಗಾಗಿ 0.1 ಡೆಸಿಬೆಲ್ ಒಳಗೆ ಸಮ ಮಾಡಿ. ಮೂಲದಲ್ಲಿ ಚೆಂಡೆಯ ಪೆಟ್ಟು ತುತ್ತತುದಿ ಮುಟ್ಟಿದ್ದರೆ ಎಂಪಿ3ಯಲ್ಲಿ ಅದು ಮಿತಿ ದಾಟಿ ಕ್ಲಿಪ್ ಆಗಬಹುದು, ಅಂದರೆ ತುದಿ ಕತ್ತರಿಸಿಹೋಗಬಹುದು. ಹಾಗಾಗಿದ್ದರೆ ಮೂಲವನ್ನೇ ಒಂದೆರಡು ಡೆಸಿಬೆಲ್ ಇಳಿಸಿ ಮೊದಲಿಂದ ಮಾಡಿ. ಓಪಸ್ ಪರೀಕ್ಷಿಸುವುದಾದರೆ ಅದು ಬಿಚ್ಚಿಕೊಳ್ಳುವುದು 48 ಕಿಲೋಹರ್ಟ್ಸ್‌ಗೆ. ಮೂಲವನ್ನೂ ಮೊದಲೇ 48ಕ್ಕೆ ತನ್ನಿ.

ಕೇಳಲು ತಂತಿಯ ಹೆಡ್‌ಫೋನೇ ಆಗಬೇಕು. ಬ್ಲೂಟೂತ್ ಸಾಮಾನ್ಯವಾಗಿ ತಾನೇ ಇನ್ನೊಂದು ಲಾಸಿ ಕೋಡೆಕ್ ಹಾಕಿ ಕಳಿಸುತ್ತದೆ, ಆಗ ನೀವು ಪರೀಕ್ಷಿಸುತ್ತಿರುವುದು ಯಾವುದನ್ನು ಎಂಬುದೇ ತಿಳಿಯದು. ಈಕ್ವಲೈಜರ್ ಮುಂತಾದ ಎಲ್ಲ ಅಲಂಕಾರ ಆರಿಸಿಬಿಡಿ.

ಪರೀಕ್ಷೆಯ ಹೆಸರು ಎಬಿಎಕ್ಸ್. ವಿಂಡೋಸ್‌ನ ಫೂಬಾರ್2000 ಪ್ಲೇಯರಿಗೆ ಎಬಿಎಕ್ಸ್ ಕಂಪ್ಯಾರೇಟರ್ ಎಂಬ ಉಚಿತ ಜೋಡಣೆ ಸಿಗುತ್ತದೆ. ಎ ಮೂಲ, ಬಿ ಕುಗ್ಗಿಸಿದ್ದು, ಎಕ್ಸ್ ಇವೆರಡರಲ್ಲಿ ಯಾವುದೋ ಒಂದು. ಎಕ್ಸ್ ಯಾವುದು ಎಂದು ಪ್ರತಿ ಸುತ್ತಿನಲ್ಲೂ ಹೇಳಬೇಕು. ಆ ಒಂಟಿ ಪೆಟ್ಟಿನ ಸುತ್ತಲ ಎರಡು ಸೆಕೆಂಡನ್ನು ಮಾತ್ರ ಮತ್ತೆ ಮತ್ತೆ ಕೇಳಿ, ಉದ್ದದ ತುಣುಕಾದರೆ ಮೊದಲು ಕೇಳಿದ್ದು ನೆನಪಿನಿಂದ ಜಾರುತ್ತದೆ. ಈ ಪ್ಲೇಯರ್ ಇಲ್ಲದಿದ್ದರೂ ಆದೀತು. ಮನೆಯವರೊಬ್ಬರನ್ನು ಬೆನ್ನ ಹಿಂದೆ ಕೂರಿಸಿ, ನಾಣ್ಯ ಚಿಮ್ಮಿ ಬಿದ್ದದ್ದನ್ನು ಬರೆದಿಟ್ಟುಕೊಂಡು, ಮಾತಾಡದೆ ಫೈಲ್ ಹಾಕಲು ಹೇಳಿ.

16 ಸುತ್ತು ಎಂದು ಮೊದಲೇ ನಿರ್ಧರಿಸಿ. 12 ಸರಿಯಾದರೆ, ಬರೀ ಊಹೆಯಿಂದ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸರಿಬರುವ ಸಾಧ್ಯತೆ 3.8%. 13 ಸರಿಯಾದರೆ 1% ಆಸುಪಾಸು. 10 ಸುತ್ತಿನಲ್ಲಿ 8 ಸರಿ ಎಂಬುದು ಕೇಳಲು ದೊಡ್ಡದು, ಲೆಕ್ಕದಲ್ಲಿ 5.5%, ಸಾಲದು. ನಡುವೆ ಅಂಕ ಚೆನ್ನಾಗಿದೆ ಎಂದು ಅಲ್ಲಿಗೇ ನಿಲ್ಲಿಸಿದರೆ ಲೆಕ್ಕ ಕೆಡುತ್ತದೆ. 16ರಲ್ಲಿ 8 ಮಾತ್ರ ಸರಿಬಂದರೆ ವ್ಯತ್ಯಾಸವೇ ಇಲ್ಲವೆಂದು ಸಾಧಿಸಿದಂತಲ್ಲ, ಈ ತುಣುಕಿನಲ್ಲಿ, ಈ ಹೆಡ್‌ಫೋನಿನಲ್ಲಿ ನಿಮಗೆ ತಿಳಿಯಲಿಲ್ಲ ಎಂದಷ್ಟೇ. ನೇರವಾಗಿ 192ರಿಂದ ಶುರು ಮಾಡಬೇಡಿ. 64ರಲ್ಲಿ ದೋಷದ ಚಹರೆ ಚೆನ್ನಾಗಿ ಪರಿಚಯವಾಗಲಿ, ಆಮೇಲೆ 96, 128 ಎಂದು ಮೇಲೇರಿ. ಕಿವಿ ದಣಿದರೆ ಎದ್ದುಹೋಗಿ ಮರುದಿನ ಮುಂದುವರಿಸಿ.

ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ಸದ್ದು ಕೇಳಿಸಿ "ನೋಡಿ, ಇಷ್ಟು ಕಳೆದುಹೋಗಿದೆ" ಎಂದು ಹೆದರಿಸುವ ಪದ್ಧತಿಯೊಂದಿದೆ. ಅದನ್ನು ಒಪ್ಪಲಾರೆ. ಆ ಉಳಿಕೆ ಸಂಗೀತದ ಅಡಿಯಲ್ಲಿ ಅಡಗಿರುವಾಗ ಕೇಳಿಸುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ, ಒಂಟಿಯಾಗಿ ಕೇಳಿಸಿದರೆ ಉತ್ತರ ಸಿಗದು. ಆದರೆ ಉದ್ದದ ರೆಕಾರ್ಡಿಂಗಿನಲ್ಲಿ ಉಳಿಕೆ ಎಲ್ಲಿ ಥಟ್ಟನೆ ಏರುತ್ತದೋ ಅಲ್ಲಿ ಎಬಿಎಕ್ಸ್ ಮಾಡಲು ತುಣುಕು ಹುಡುಕಿಕೊಳ್ಳಬಹುದು.

ಸ್ಟೀರಿಯೋ ಬಗ್ಗೆ ಒಂದು ಮಾತು. ಎಡ-ಬಲ ಎರಡರಲ್ಲೂ ಒಂದೇ ಧ್ವನಿ ಇದ್ದರೆ ಮೋನೋ ಮಾಡಿ. ಕ್ಯಾಸೆಟ್ ಇಳಿಸುವಾಗ ಡೆಕ್ಕಿನ ಹೆಡ್ ವಾಲಿದ್ದರೆ, ಅಂದರೆ ಅಜಿಮತ್ ಸರಿಯಿಲ್ಲದಿದ್ದರೆ, ಎರಡು ಕಡೆಗೂ ಸಣ್ಣ ಸಮಯದ ಅಂತರ ಬಿದ್ದು ಎಡ-ಬಲಗಳಲ್ಲಿ ಸಮಾನವಾದದ್ದನ್ನು ಒಮ್ಮೆಯೇ ಬರೆದು ಉಳಿಸುವ ಜಾಯಿಂಟ್ ಸ್ಟೀರಿಯೋಗೆ ಅನಗತ್ಯ ಬಿಟ್ ಖರ್ಚಾಗುತ್ತದೆ. ಕೋಡೆಕ್ ಬೈಯುವ ಮುಂಚೆ ಹೆಡ್ ಸರಿಪಡಿಸಿ, ಕ್ಯಾಸೆಟ್ ಮತ್ತೊಮ್ಮೆ ಇಳಿಸಿ.

ಮರುಕುಗ್ಗಿಸುವ ಪರೀಕ್ಷೆಯನ್ನು ಬಿಡಬೇಡಿ, ನಮ್ಮ ಗುಂಪುಗಳಲ್ಲಿ ಧ್ವನಿ ಹಾಳಾಗುವುದು ಹೆಚ್ಚಾಗಿ ಹೀಗೆಯೇ. 128ರ ಎಂಪಿ3ಯನ್ನು ಬಿಚ್ಚಿ 128ಕ್ಕೆ ಮತ್ತೆ ಕುಗ್ಗಿಸಿ, ನಾಲ್ಕೈದು ಸಲ. ಚೆಂಡೆಯ ಮುಂದಿನ ಆ ಗೀಚು ಸಲಸಲಕ್ಕೂ ದಪ್ಪವಾಗುವುದನ್ನು ಕಣ್ಣಾರೆ ನೋಡಬಹುದು. 128ರದ್ದನ್ನು 320 ಮಾಡಿದರೆ ಹೋದದ್ದು ಹಿಂದೆ ಬಾರದು, ಫೈಲ್ ದಪ್ಪವಾಗುತ್ತದೆ ಅಷ್ಟೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ತಲುಪುತ್ತದೆ.

ನನ್ನ ಕಿವಿಗೆ ಒಗ್ಗಿದ ಏರ್ಪಾಡು ಇದು: ಕಾಪಿಡುವ ಪ್ರತಿ ಫ್ಲ್ಯಾಕ್. ಹಂಚುವ ಆಟಕ್ಕೆ ಓಪಸ್ 128. ತಾಳಮದ್ದಳೆಗೆ ಓಪಸ್ ಮೋನೋ 48. ಕಾರಿನ ಹಳೆಯ ಪ್ಲೇಯರಿಗೆ ಪೆನ್‌ಡ್ರೈವ್ ಹಾಕುವ ಹಿರಿಯರಿಗೆ ಲೇಮ್‌ನ ವಿ2 ಎಂಪಿ3, ಬಿಟ್‌ರೇಟ್ ಬೇಕಾದಂತೆ ಏರಿಳಿಯುವ ಬಗೆ. ನಿಮ್ಮ ಕಿವಿಯ ಉತ್ತರ ಬೇರೆಯಿದ್ದರೆ ಅದನ್ನೇ ಹಿಡಿಯಿರಿ. ಫೈಲಿನ ಜೊತೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಎನ್‌ಕೋಡರಿನ ಹೆಸರು, ಆವೃತ್ತಿ, ಸೆಟ್ಟಿಂಗ್, ಮೂಲ ಕ್ಯಾಸೆಟ್ಟೋ ಮಿಕ್ಸರೋ ಎಂಬುದು, ಯಾವ ನಿಮಿಷದ ಯಾವ ಪೆಟ್ಟಿನಲ್ಲಿ ಪರೀಕ್ಷಿಸಿದಿರಿ ಎಂಬುದು ಇಷ್ಟನ್ನು ಬರೆದಿಡಿ. ಮುಂದೆ ಹೊಸ ಕೋಡೆಕ್ ಬಂದಾಗ ಅದೇ ಪೆಟ್ಟನ್ನು ತೆಗೆದು ಹೋಲಿಸಬಹುದು.